ಹಸಿರು ಬಿಯರಿನೊಳಗಿನ ನೀಲಿ ಹನಿ

ಹಬ್ಬಕ್ಕೂ ಬಣ್ಣಕ್ಕೂ ಇರುವ ನಂಟು ಬಹಳ ಹಳೆಯದು. ಕೆಲವು ಹಬ್ಬಗಳಲ್ಲಿ ಬಣ್ಣ ಮೈಮೇಲೆ ಬೀಳುತ್ತದೆ, ಕೆಲವುಗಳಲ್ಲಿ ಅಂಗಳದಲ್ಲಿ ರಂಗೋಲಿಯಾಗುತ್ತದೆ. ಅಮೆರಿಕದಲ್ಲಿ ಪ್ರತಿವರ್ಷ ಮಾರ್ಚ್ 17ರಂದು ಬಣ್ಣ ಸೇರುವುದು ಬಿಯರ್ ಲೋಟಕ್ಕೆ. ಅಂದು ಸಂತ ಪ್ಯಾಟ್ರಿಕ್‌ನ ದಿನ. ಮನೆಮನೆಗಳಲ್ಲಿ, ಪಾನಗೃಹಗಳಲ್ಲಿ ಹಳದಿ ಬಿಯರು ಗಿಳಿಹಸಿರಾಗಿ ಹೊಳೆಯುತ್ತದೆ. ಇದು ಐರ್ಲೆಂಡಿನ ಪ್ರಾಚೀನ ಸಂಪ್ರದಾಯವೆಂದು ನಂಬಿದವರು ಅನೇಕ. ಚರಿತ್ರೆ ಹೇಳುವುದು ಬೇರೆ. ಈ ಹಸಿರು ಹುಟ್ಟಿದ್ದು ಐರ್ಲೆಂಡಿನಲ್ಲಲ್ಲ, ಅಮೆರಿಕದಲ್ಲಿ. ಅದೂ ಬಟ್ಟೆ ಒಗೆಯುವವರ ನೀಲಿಯಿಂದ!

ಪ್ಯಾಟ್ರಿಕ್ ಕ್ರಿ.ಶ. ಐದನೇ ಶತಮಾನದವನು. ಹುಟ್ಟಿದ್ದು ರೋಮನ್ನರ ಬ್ರಿಟನ್ನಿನಲ್ಲಿ. ಹದಿಹರೆಯದಲ್ಲಿ ಅವನನ್ನು ದಾಳಿಕಾರರು ಹಿಡಿದು ಐರ್ಲೆಂಡಿಗೆ ಗುಲಾಮನಾಗಿ ಒಯ್ದರು. ಆರು ವರ್ಷ ಕುರಿ ಕಾದು, ತಪ್ಪಿಸಿಕೊಂಡು ಊರು ಸೇರಿದ ಆತ, ಮುಂದೆ ಅದೇ ನಾಡಿಗೆ ಧರ್ಮಪ್ರಚಾರಕನಾಗಿ ಮರಳಿದ. ಅವನು ತೀರಿಕೊಂಡನೆಂದು ನಂಬಲಾದ ದಿನವೇ ಮಾರ್ಚ್ 17. ಈ ದಿನ ಈಸ್ಟರ್ ಪೂರ್ವದ ಉಪವಾಸ ಕಾಲದ ನಡುವೆ ಬರುತ್ತದೆ. ಅಂದು ಒಂದು ದಿನದ ಮಟ್ಟಿಗೆ ವ್ರತದ ಬಿಗಿ ಸಡಿಲುತ್ತಿತ್ತು. ಊಟಕ್ಕೂ ಪಾನಕ್ಕೂ ಅವಕಾಶವಿರುತ್ತಿತ್ತು. ಹಬ್ಬಕ್ಕೆ ಮದ್ಯ ಅಂಟಿಕೊಂಡದ್ದು ಹೀಗೆ. ಬೆಂಗಳೂರಿನ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳು ಕೂಡುವಲ್ಲಿರುವ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿಗೂ ಈ ಸಂತನ ಹೆಸರೇ ಇದೆ. ದಂಡು ಪ್ರದೇಶದ ಐರಿಷ್ ಸೈನಿಕರ ನೆನಪು ಅದರೊಂದಿಗೆ ಸೇರಿಕೊಂಡಿದೆ.

ಬಣ್ಣದ ಮಾತಿಗೆ ಬಂದರೆ, ಮೊದಲು ಈ ಸಂತನಿಗೆ ಹೊಂದಿಕೊಂಡಿದ್ದ ಬಣ್ಣ ನೀಲಿ. 1783ರಲ್ಲಿ ಬ್ರಿಟಿಷ್ ದೊರೆತನ ಐರ್ಲೆಂಡಿನ ಗಣ್ಯರಿಗಾಗಿ ‘ಆರ್ಡರ್ ಆಫ್ ಸೇಂಟ್ ಪ್ಯಾಟ್ರಿಕ್’ ಎಂಬ ಗೌರವಪದವಿ ಸ್ಥಾಪಿಸಿದಾಗ ಆರಿಸಿಕೊಂಡದ್ದೂ ನೀಲಿಯನ್ನೇ. ಹಸಿರು ಮೇಲೆ ಬಂದದ್ದು ರಾಜಕೀಯದಿಂದ. 1791ರಲ್ಲಿ ಹುಟ್ಟಿದ ‘ಯುನೈಟೆಡ್ ಐರಿಷ್‌ಮನ್’ ಸಂಘಟನೆ ಹಸಿರನ್ನು ತನ್ನ ಗುರುತಾಗಿಸಿಕೊಂಡಿತು. 1798ರಲ್ಲಿ ಅದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆ ಎದ್ದು ಸೋತಿತು. ಆಮೇಲೆ ಟೊಪ್ಪಿಗೆಯಲ್ಲಿ ಸಿಕ್ಕಿಸಿದ ಮೂರೆಲೆಯ ಷ್ಯಾಮ್‌ರಾಕ್ ಕೂಡ ಆಳುವವರ ಕಣ್ಣಿಗೆ ಬಂಡಾಯದ ಚಿಹ್ನೆಯಾಗಿ ಕಂಡಿತು. ಹಸಿರು ತೊಡುವುದಕ್ಕೆ ಧೈರ್ಯ ಬೇಕಾಗಿದ್ದ ಕಾಲ ಅದು.

ಆ ಹಸಿರನ್ನು ಸಾಗರದಾಚೆ ಒಯ್ದದ್ದು ಹಸಿವು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಮಹಾಕ್ಷಾಮ ಬಂತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅಮೆರಿಕದ ಬಂದರುಗಳಲ್ಲಿ ಇಳಿದವರಿಗೆ ಸಿಕ್ಕದ್ದು ಬಡ ಕೇರಿಗಳ ವಾಸ, ಕೂಲಿ ಕೆಲಸ, ಕ್ಯಾಥಲಿಕರೆಂಬ ತಾತ್ಸಾರ. ವರ್ಷಕ್ಕೊಮ್ಮೆ ಹಸಿರು ತೊಟ್ಟು ಬೀದಿಯಲ್ಲಿ ಮೆರವಣಿಗೆ ಹೊರಡುವುದು ಅವರಿಗೆ ಕೇವಲ ಸಂಭ್ರಮವಾಗಿರಲಿಲ್ಲ. ‘ನಾವೂ ಇದ್ದೇವೆ’ ಎಂದು ಎಲ್ಲರ ಎದುರು ಹೇಳುವ ಬಗೆಯಾಗಿತ್ತು.

ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಆ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಪೊಲೀಸರು, ವಕೀಲರು, ವೈದ್ಯರಾಗಿದ್ದರು. ಅಂಥವರಲ್ಲೊಬ್ಬ ನ್ಯೂಯಾರ್ಕಿನ ಡಾ. ಥಾಮಸ್ ಕರ್ಟಿನ್. ಅನುಮಾನಾಸ್ಪದ ಸಾವುಗಳನ್ನು ಪರೀಕ್ಷಿಸುವ ಸರಕಾರಿ ವೈದ್ಯ. 1914ರಲ್ಲಿ ಬ್ರಾಂಕ್ಸ್‌ನ ಕ್ಲಬ್ಬೊಂದರ ಔತಣದಲ್ಲಿ ಆತ ಹಸಿರು ಬಿಯರ್ ಹಂಚಿ ಎಲ್ಲರನ್ನೂ ಬೆರಗಾಗಿಸಿದನೆಂದು ಅಂದಿನ ಪತ್ರಿಕೆಯ ಅಂಕಣವೊಂದು ವರದಿ ಮಾಡಿತು. ಬಿಯರಿಗೆ ಒಂದು ಹನಿ ‘ವಾಷ್ ಬ್ಲೂ’ ಸೇರಿಸಿದ್ದೇ ಅದರ ಗುಟ್ಟು. ಬಿಳಿ ಬಟ್ಟೆಗೆ ಹಾಕುವ, ನಮ್ಮ ಮನೆಗಳಿಗೂ ಪರಿಚಿತವಾದ ಅದೇ ನೀಲಿ! ಹಾಗೆಂದು ಕರ್ಟಿನ್ನನೇ ಮೊದಲಿಗನೆಂದು ಹೇಳಲಾಗದು. 1910ರಲ್ಲೇ ದೇಶದ ಇನ್ನೊಂದು ತುದಿಯ ಸ್ಪೋಕೇನ್ ಪಟ್ಟಣದ ಪತ್ರಿಕೆಯಲ್ಲಿ ಅಲ್ಲಿನ ಪಾನಗೃಹದ ಹಸಿರು ಬಿಯರಿನ ಸುದ್ದಿ ಬಂದಿತ್ತು.

ನೀಲಿ ಹಾಕಿದರೆ ಹಸಿರಾಗುವುದೇಕೆ? ಬಿಯರಿನ ಸ್ವಂತ ಬಣ್ಣ ಹಳದಿಯಾದ್ದರಿಂದ. ಬಟ್ಟೆಯಲ್ಲಿ ಹಳದಿಯ ಛಾಯೆ ತೀರ ತೆಳು; ಸ್ವಲ್ಪ ನೀಲಿ ಅದನ್ನು ಮರೆಸಿ ಬಿಳುಪು ಕಾಣಿಸುತ್ತದೆ. ಬಿಯರಿನಲ್ಲಿ ಹಳದಿ ಗಾಢ. ನೀಲಿ ಅದರೊಡನೆ ಬೆರೆತು ಹಸಿರಾಗುತ್ತದೆ. ಆದರೆ ಇದಕ್ಕೆ ಬಿಯರ್ ತಿಳಿಯಾಗಿರಬೇಕು. ಐರ್ಲೆಂಡಿನ ಹೆಸರಾಂತ ಕಪ್ಪು ‘ಸ್ಟೌಟ್’ಗೆ ಎಷ್ಟು ನೀಲಿ ಸುರಿದರೂ ಅದು ಕಪ್ಪೇ. ಹೊಂಬಣ್ಣದ ತಿಳಿ ಬಿಯರ್ ರೂಪುಗೊಂಡದ್ದು 1842ರಲ್ಲಿ, ಬೊಹಿಮಿಯದ ಪಿಲ್ಸೆನ್ ಪಟ್ಟಣದಲ್ಲಿ. ತಯಾರಿಸಿದವನು ಬವೇರಿಯದ ಯೋಸೆಫ್ ಗ್ರೋಲ್. ಅಮೆರಿಕದಲ್ಲಿ ಈ ಬಗೆಯ ಬಿಯರನ್ನು ಬೇರೂರಿಸಿದವರು ಜರ್ಮನ್ ವಲಸಿಗರು. ಅಂದರೆ, ಜರ್ಮನ್ನರ ಬಿಯರು, ಅಗಸರ ನೀಲಿ, ಐರಿಷರ ಅಭಿಮಾನ ಮೂರೂ ಒಂದೇ ಲೋಟದಲ್ಲಿ ಕೂಡಿದಾಗ ಈ ‘ಪ್ರಾಚೀನ ಸಂಪ್ರದಾಯ’ ಸಿದ್ಧವಾಯಿತು.

ಬಟ್ಟೆಯ ನೀಲಿ ಹೊಟ್ಟೆಗೆ ಸೇರಬೇಕಾದ ವಸ್ತುವಲ್ಲ. ಆಹಾರಕ್ಕೆ ಸಿಕ್ಕಿದ್ದನ್ನೆಲ್ಲ ಬೆರೆಸುತ್ತಿದ್ದ ಕಾಲದಲ್ಲಿ ಅಮೆರಿಕ 1906ರಲ್ಲಿ ಶುದ್ಧ ಆಹಾರ ಕಾಯ್ದೆ ತಂದು, ಮರುವರ್ಷ ಏಳೇ ಏಳು ಕೃತಕ ಬಣ್ಣಗಳಿಗೆ ಒಪ್ಪಿಗೆ ಕೊಟ್ಟಿತು. ಈಗ ಮನೆಯಲ್ಲಿ ಹಸಿರು ಬಿಯರ್ ಮಾಡುವವರು ಬಳಸುವುದು ಕೇಕಿಗೆ ಹಾಕುವ ಖಾದ್ಯ ಬಣ್ಣವನ್ನು. ಖಾಲಿ ಲೋಟಕ್ಕೆ ಒಂದೆರಡು ಹನಿ ಬಣ್ಣ ಬಿಟ್ಟು ಮೇಲೆ ಬಿಯರ್ ಸುರಿದರೆ ನೊರೆಯೇ ಕಲಕಿ ಕೊಡುತ್ತದೆ. ರುಚಿ ಬದಲಾಗುವುದಿಲ್ಲ, ನಾಲಗೆ ಮಾತ್ರ ಹಸಿರಾಗುತ್ತದೆ.

ಬಿಯರನ್ನೇ ಮನೆಯಲ್ಲಿ ಕುದಿಸಿ ಹುಳಿಯಿಸುವ ಹಕ್ಕು ಅಮೆರಿಕನ್ನರಿಗೆ ಸಿಕ್ಕಿದ್ದು ಬಹಳ ತಡವಾಗಿ. 1920ರಲ್ಲಿ ಜಾರಿಗೆ ಬಂದ ಪಾನನಿರೋಧ 1933ರಲ್ಲಿ ಕೊನೆಗೊಂಡಿತು. ಆಗ ಮನೆಯಲ್ಲಿ ವೈನ್ ತಯಾರಿಸಲು ಅನುಮತಿ ದೊರೆತರೂ ಬಿಯರಿಗೆ ದೊರೆಯಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಈ ಕೊರತೆ ತುಂಬಿತು. ಸ್ವಂತ ಬಳಕೆಗೆ ಒಬ್ಬ ವಯಸ್ಕನಿರುವ ಮನೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿರುವ ಮನೆ 200 ಗ್ಯಾಲನ್ ತೆರಿಗೆಯಿಲ್ಲದೆ ತಯಾರಿಸಬಹುದು.

ಬಣ್ಣದ ಹುಚ್ಚು ಲೋಟಕ್ಕೇ ನಿಲ್ಲಲಿಲ್ಲ. ಷಿಕಾಗೋದಲ್ಲಿ ನದಿಗೆ ಕೊಳಚೆ ಬಿಡುವ ಕೊಳವೆಗಳನ್ನು ಪತ್ತೆ ಹಚ್ಚಲು ಕೊಳಾಯಿ ಕೆಲಸಗಾರರು ಒಂದು ಬಣ್ಣ ಬಳಸುತ್ತಿದ್ದರು. ಅದರಿಂದ ಹಸಿರಾದ ಕೆಲಸಗಾರನ ಬಟ್ಟೆ ಕಂಡು ಅವರ ಸಂಘದ ನಾಯಕ ಸ್ಟೀಫನ್ ಬೈಲಿಗೆ ಒಂದು ಉಪಾಯ ಹೊಳೆಯಿತು. 1962ರ ಹಬ್ಬಕ್ಕೆ ಸುಮಾರು 45 ಕಿಲೋ ಬಣ್ಣ ನದಿಗೆ ಬಿತ್ತು. ನೀರು ಒಂದು ವಾರ ಹಸಿರಾಗಿಯೇ ಇತ್ತು. ಮುಂದೆ ಸಸ್ಯಮೂಲದ ಪುಡಿ ಬಂತು. ಅದರ ಬಣ್ಣ ಕಿತ್ತಳೆ, ನೀರಿಗೆ ಬಿದ್ದ ಮೇಲಷ್ಟೇ ಹಸಿರು. ಐರ್ಲೆಂಡಿನಲ್ಲಿ ಕಿತ್ತಳೆ ಪ್ರಾಟೆಸ್ಟೆಂಟರ ಬಣ್ಣ, ಹಸಿರು ಕ್ಯಾಥಲಿಕರ ಬಣ್ಣ ಎಂಬುದನ್ನು ನೆನೆದರೆ ಇದರ ತಮಾಷೆ ತಿಳಿದೀತು.

ಅಷ್ಟರಲ್ಲಿ ತಾಯ್ನಾಡಿನಲ್ಲಿ ಏನು ನಡೆದಿತ್ತು? ಅಲ್ಲಿ ಈ ದಿನ ಚರ್ಚಿಗೆ ಹೋಗುವ ದಿನ. 1903ರಲ್ಲಿ ಸಾರ್ವಜನಿಕ ರಜೆಯಾಯಿತು. 1927ರಲ್ಲಿ ಸ್ವತಂತ್ರ ಐರ್ಲೆಂಡಿನ ಸರಕಾರ ಅಂದು ಪಾನಗೃಹಗಳನ್ನೇ ಮುಚ್ಚಿಸಿತು. 1960ರ ಕಾನೂನು ಬರುವವರೆಗೂ ಅವು ತೆರೆಯಲಿಲ್ಲ. ಆ ವರ್ಷಗಳಲ್ಲಿ ಡಬ್ಲಿನ್ನಿನವರಿಗೆ ಅಂದು ರಾಜಾರೋಷವಾಗಿ ಮದ್ಯ ಸಿಗುತ್ತಿದ್ದ ತಾಣವೆಂದರೆ ನಾಯಿಗಳ ಪ್ರದರ್ಶನ! ನಾಯಿ ಸಾಕದವರೂ ಅಲ್ಲಿಗೆ ಧಾವಿಸುತ್ತಿದ್ದರಂತೆ. ನ್ಯೂಯಾರ್ಕಿನಲ್ಲಿ ಮೊಮ್ಮಕ್ಕಳು ಹಸಿರು ಲೋಟ ಎತ್ತುತ್ತಿದ್ದಾಗ ಅಜ್ಜನ ಊರಿನಲ್ಲಿ ಬಾಗಿಲು ಹಾಕಿರುತ್ತಿತ್ತು.

ಈ ಹಸಿರು ಬಿಯರನ್ನು ಕಂಡು ಮೂಗು ಮುರಿಯುವ ಐರಿಷರು ಇಂದಿಗೂ ಇದ್ದಾರೆ. ಕ್ಷಾಮ, ದಂಗೆ, ವಲಸೆಯ ನೋವು ಹೊತ್ತ ಬಣ್ಣ ಕುಡಿತದ ಮೋಜಾಯಿತಲ್ಲ ಎಂಬುದು ಅವರ ದೂರು. ಅದರಲ್ಲಿ ಸತ್ಯವಿದೆ. ಆದರೆ ಊರು ಬಿಟ್ಟವರಿಗೆ ಊರಿನ ಮಣ್ಣು, ಭಾಷೆ ಎರಡೂ ಕೈ ಜಾರುತ್ತವೆ. ಹೊತ್ತುಕೊಂಡು ಹೋಗಲು ಹಗುರವಾದದ್ದು ಬಣ್ಣವೊಂದೇ. ಅಮೆರಿಕದ ಐರಿಷರು ಅದನ್ನು ಬಿಡದೆ ಹಿಡಿದುಕೊಂಡರು. ಒಂದು ಕಾಲಕ್ಕೆ ತೊಡಲು ಅಂಜಬೇಕಾಗಿದ್ದ ಬಣ್ಣವನ್ನು ಇಂದು ಐರ್ಲೆಂಡಿನ ನಂಟೇ ಇಲ್ಲದವರೂ ನಗುತ್ತ ಲೋಟಕ್ಕೆ ಬೆರೆಸಿಕೊಳ್ಳುತ್ತಾರೆ.