ಮರೆಯಾಗಲು ಹೊರಟ ವಿಮಾನ

1956ರ ಜುಲೈ 4ರಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಯು-2 ವಿಮಾನ ಮೊದಲ ಬಾರಿಗೆ ಸೋವಿಯತ್ ಆಕಾಶವನ್ನು ಹೊಕ್ಕಿತು. ಸುಮಾರು 70,000 ಅಡಿ ಎತ್ತರದಲ್ಲಿ ಹಾರುವ ಈ ವಿಮಾನ ಸೋವಿಯತ್ ರಾಡಾರಿಗೆ ಸುಲಭವಾಗಿ ಸಿಗದು ಎಂದು ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ನಂಬಿಸಲಾಗಿತ್ತು. ಒಂದು ವಾರದೊಳಗೆ ಮಾಸ್ಕೋದಿಂದ ಪ್ರತಿಭಟನಾ ಪತ್ರ ಬಂತು. ವಿಮಾನ ಸಾಗಿದ ದಾರಿಯ ವಿವರವೂ ಅದರಲ್ಲಿತ್ತು!

ಇನ್ನು ಅದನ್ನು ಅಡಗಿಸಲೇಬೇಕಿತ್ತು. ಅದಕ್ಕಾಗಿ ಆರಂಭವಾದ ರಹಸ್ಯ ಯೋಜನೆಗೆ ಇಟ್ಟ ಹೆಸರು ‘ರೇನ್‌ಬೋ’. ಯಾರಿಗೂ ಕಾಣಬಾರದ ಕೆಲಸಕ್ಕೆ ಎಲ್ಲರಿಗೂ ಕಾಣುವ ಕಾಮನಬಿಲ್ಲಿನ ಹೆಸರು. ಲಾಕ್‌ಹೀಡ್ ಕಂಪೆನಿಯ ಕೆಲ್ಲಿ ಜಾನ್ಸನ್ ತಂಡ ಎರಡು ಉಪಾಯ ಹೂಡಿತು. ಒಂದು, ರೆಕ್ಕೆ ಮತ್ತು ಬಾಲದ ಸುತ್ತ ಕಡ್ಡಿಗಳನ್ನು ನೆಟ್ಟು ತಂತಿ ಎಳೆಯುವುದು. ಇನ್ನೊಂದು, ರಾಡಾರ್ ಅಲೆಗಳನ್ನು ಹೀರುವ ಫೈಬರ್‌ಗ್ಲಾಸಿನ ಹೊದಿಕೆಯನ್ನು ಮೈಗೆ ಅಂಟಿಸುವುದು. ಇದಕ್ಕೆ ಅವರು ‘ವಾಲ್‌ಪೇಪರ್’ ಎನ್ನುತ್ತಿದ್ದರು. ಹೀಗೆ ವೇಷ ಹಾಕಿದ ವಿಮಾನಕ್ಕೆ ‘ಡರ್ಟಿ ಬರ್ಡ್’, ಅಂದರೆ ಕೊಳಕು ಹಕ್ಕಿ.

ಆದರೆ ಯು-2 ಇಂಥ ಹೊರೆ ಹೊರುವ ವಿಮಾನವೇ? ಅದರ ಜೀವ ಇದ್ದದ್ದೇ ಹಗುರತನದಲ್ಲಿ. ಗರಿಷ್ಠ ಎತ್ತರದ ತೆಳು ಗಾಳಿಯಲ್ಲಿ ಸ್ವಲ್ಪ ನಿಧಾನವಾದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ಹೆಚ್ಚು ವೇಗವಾದರೆ ವಿಮಾನ ನಡುಗತೊಡಗುತ್ತದೆ. ಎರಡರ ನಡುವಿನ ಅಂತರ ಕೆಲವೇ ನಾಟ್‌ಗಳಷ್ಟು. ತಂತಿಗಳು ಗಾಳಿಗೆ ಅಡ್ಡವಾದವು, ಹೊದಿಕೆ ತೂಕ ಹೆಚ್ಚಿಸಿತು. ಏರುವ ಎತ್ತರವೂ ಕ್ರಮಿಸುವ ದೂರವೂ ಇಳಿದವು. ಎತ್ತರವೇ ರಕ್ಷಣೆಯಾಗಿದ್ದ ವಿಮಾನವನ್ನು ರಕ್ಷಿಸಲು ಹೋಗಿ ಕೆಳಕ್ಕೆ ಇಳಿಸಿದಂತಾಯಿತು.

ಅದಕ್ಕಿಂತ ದೊಡ್ಡ ಆಪತ್ತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಜಿನಿನ ಶಾಖ ವಿಮಾನದ ಮೈಯಿಂದ ಹೊರಹೋಗಬೇಕಿತ್ತು. ಹೊದಿಕೆ ಅದನ್ನು ಕಂಬಳಿಯಂತೆ ಒಳಗೇ ಹಿಡಿದಿಟ್ಟಿತು. 1957ರ ಏಪ್ರಿಲ್‌ನಲ್ಲಿ ನೆವಾಡಾದ ಮೇಲೆ ಪರೀಕ್ಷಾ ಹಾರಾಟ ನಡೆಸುತ್ತಿದ್ದ ರಾಬರ್ಟ್ ಸೀಕರ್ ಅವರ ಎಂಜಿನ್ ಕಾದು ಆರಿಹೋಯಿತು. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದಾಗ ಒತ್ತಡದ ಉಡುಪು ಉಬ್ಬಿತು, ಶಿರಸ್ತ್ರಾಣದ ಮುಖಗವಚದ ಕೊಂಡಿ ಕಳಚಿತು. ಅವರಿಗೆ ಪ್ರಜ್ಞೆ ತಪ್ಪಿತು. ವಿಮಾನ ಗಿರಗಿರನೆ ತಿರುಗುತ್ತಾ ನೆಲಕ್ಕಪ್ಪಳಿಸಿತು, ಸೀಕರ್ ಬದುಕಲಿಲ್ಲ.

ಇಷ್ಟಾದರೂ ಯೋಜನೆ ನಿಲ್ಲಲಿಲ್ಲ. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನದ ಲಾಹೋರಿನಿಂದ ಸೋವಿಯತ್ ನೆಲದ ಮೇಲೆ ಹಾರಿದ ಯು-2ಗಳಲ್ಲಿ ಡರ್ಟಿ ಬರ್ಡ್ ಕೂಡಾ ಇತ್ತು. ರಾಡಾರಿನ ಕಣ್ಣು ತಪ್ಪಿಸಲು ಅದಕ್ಕೂ ಸಾಧ್ಯವಾಗಲಿಲ್ಲ. 1958ರಲ್ಲಿ ರೇನ್‌ಬೋ ಯೋಜನೆಯನ್ನು ಕೈಬಿಡಲಾಯಿತು. ಸಿದ್ಧ ವಿಮಾನಕ್ಕೆ ತೇಪೆ ಹಚ್ಚಿ ಪ್ರಯೋಜನವಿಲ್ಲ, ಆಕಾರವನ್ನೇ ಹೊಸದಾಗಿ ರೂಪಿಸಬೇಕು ಎಂಬ ತಿಳಿವಳಿಕೆ ಮುಂದೆ ಎ-12 ವಿಮಾನದ ವಿನ್ಯಾಸಕ್ಕೆ ದಾರಿಯಾಯಿತು.

ಯು-2 ಮಾತ್ರ ತನ್ನ ಹಳೆಯ ರೂಪದಲ್ಲೇ ಹಾರುತ್ತಿತ್ತು. 1960ರ ಮೇ 1ರಂದು ಪೇಶಾವರದಿಂದ ಹೊರಟ ಗ್ಯಾರಿ ಪವರ್ಸ್ ಅವರ ವಿಮಾನವನ್ನು ಸ್ವರ್ಡ್‌ಲೋವ್ಸ್ಕ್ ಬಳಿ ಸೋವಿಯತ್ ಕ್ಷಿಪಣಿ ಉರುಳಿಸಿತು. ಇಂಥ ವಿಮಾನಗಳಿಗೆ ಜಾಗ ಕೊಡುವ ದೇಶಗಳ ನೆಲೆಗಳ ಮೇಲೆ ದಾಳಿ ಮಾಡುವುದಾಗಿ ಕ್ರುಶ್ಚೇವ್ ಬೆದರಿಸಿದರು. ಹಾರಿಸಿದವರು ವಾಷಿಂಗ್ಟನ್ನಿನಲ್ಲಿದ್ದರು, ಬೆದರಿಕೆ ಬಂದದ್ದು ಪೇಶಾವರಕ್ಕೆ.