ಹಾಸಿಗೆಯಷ್ಟು ಜಾಗ: ನೈರೋಬಿಯ ಬಾಡಿಗೆ ಮನೆಗಳ ಕಥೆ

ಪೂರ್ವ ಆಫ್ರಿಕಾದ ಕೀನ್ಯಾ ದೇಶದ ರಾಜಧಾನಿ ನೈರೋಬಿ. 2019ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 44 ಲಕ್ಷ ಜನ. ಹತ್ತು ಸಂಸಾರಗಳಲ್ಲಿ ಸುಮಾರು ಒಂಬತ್ತು ಬಾಡಿಗೆಗೆ ಇರುವಂಥವು.

ಅಲ್ಲಿ ಮನೆ ಹುಡುಕುವ ಬಗೆ ಕೇಳಿದರೆ ನಮಗೇನೂ ಹೊಸದು ಅನಿಸುವುದಿಲ್ಲ. ಬೀದಿ ಬೀದಿ ತಿರುಗಬೇಕು. ಗೇಟಿಗೆ ನೇತುಹಾಕಿದ 'ಟು ಲೆಟ್' ಬೋರ್ಡು ನೋಡಿ ಕೇರ್‌ಟೇಕರ್‌ನನ್ನು ಮಾತಾಡಿಸಬೇಕು. ಮಾಲೀಕರು ಯಾರು ಅಂತ ಬಾಡಿಗೆದಾರರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಏಜೆಂಟ್ ಹಿಡಿದರೆ ಮನೆ ತೋರಿಸುವುದಕ್ಕೇ ದುಡ್ಡು ಕೇಳುವುದುಂಟು. ಮೊದಲ ತಿಂಗಳ ಬಾಡಿಗೆಯ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ತಿಂಗಳದ್ದನ್ನು ಡಿಪಾಸಿಟ್ ಇಡಬೇಕು. 2007ರಲ್ಲಿ ಎಂ-ಪೆಸಾ ಬಂದ ಮೇಲೆ ಬಾಡಿಗೆ ಫೋನಿನಲ್ಲೇ ಕಟ್ಟುವುದು ಹೆಚ್ಚಾಗಿದೆ.

ಬಡವರ ಪಾಲಿಗೆ ಸಿಗುವುದು ಹೆಚ್ಚಾಗಿ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ. ತಗಡಿನ ಮಾಡು, ಎಷ್ಟೋ ಕಡೆ ತಗಡಿನದೇ ಗೋಡೆ. ಅಡುಗೆ, ನಿದ್ದೆ, ಮಕ್ಕಳ ಓದು ಎಲ್ಲ ಅದರೊಳಗೇ. ನೀರನ್ನು ಇಪ್ಪತ್ತು ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಕೊಂಡು ತರಬೇಕು. ಇಷ್ಟು ದೊಡ್ಡ ಊರಿನಲ್ಲಿ ಇಷ್ಟೊಂದು ಜನರ ಮನೆ ಒಂದೇ ಕೋಣೆಗೆ ಇಳಿದದ್ದು ಹೇಗೆ? ಜನ ಜಾಸ್ತಿಯಾದರು, ಜಾಗ ಸಾಲಲಿಲ್ಲ ಅನ್ನುವುದು ಸುಲಭದ ಉತ್ತರ. ಊರು ಹುಟ್ಟಿದ ಕಥೆ ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ.

ಕಥೆಯನ್ನು ಒಂದು ಪದದಿಂದ ಶುರು ಮಾಡೋಣ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬಾಡಿಗೆಗೆ 'ಕೋಡಿ' ಅನ್ನುತ್ತಾರೆ. (ನಮ್ಮ ಕೆರೆಯ ಕೋಡಿಗೂ ಇದಕ್ಕೂ ಸಂಬಂಧವಿಲ್ಲ.) ತೆರಿಗೆಗೂ ಅದೇ ಪದ, ಕೋಡಿ. ಕಂದಾಯ, ಬಾಡಿಗೆ ಎರಡಕ್ಕೂ ಒಂದೇ ಮಾತು. ನೈರೋಬಿಯ ಮಟ್ಟಿಗೆ ಇದು ಬರೀ ಪದಗಳ ಆಟವಲ್ಲ.

ಬ್ರಿಟಿಷರು 1901ರಲ್ಲಿ ಅಲ್ಲಿ ಗುಡಿಸಲು ತೆರಿಗೆ ತಂದರು. ನಮ್ಮ ಮಾತಿನಲ್ಲಿ ಮನೆಗಂದಾಯ ಅನ್ನಿ. ತನ್ನ ಊರಿನಲ್ಲಿ, ತಾನೇ ಮಣ್ಣು ಮೆತ್ತಿ ಕಟ್ಟಿಕೊಂಡ ಗುಡಿಸಲಿಗೆ ರೈತ ದುಡ್ಡು ಕಟ್ಟಬೇಕು. ಆಗ ಆ ದೇಶದಲ್ಲಿ ನಡೆಯುತ್ತಿದ್ದುದು ನಮ್ಮ ಭಾರತದ ರೂಪಾಯಿ. ಆಡು, ದನ, ಕಾಳು ಇದ್ದವನ ಕೈಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? ಬಿಳಿಯರ ತೋಟಕ್ಕೋ ಪೇಟೆಗೋ ಕೂಲಿಗೆ ಹೋಗಬೇಕು. ಸರ್ಕಾರಕ್ಕೆ ಬೇಕಾಗಿದ್ದೂ ಅದೇ. ಊರಿನ ಮನೆಯ ಕೋಡಿ ಕಟ್ಟಲು ಪೇಟೆಗೆ ಬಂದವನು ಅಲ್ಲಿ ಮಲಗಲು ಮತ್ತೊಂದು ಕೋಡಿ ತೆರಬೇಕಾಯಿತು.

ಪೇಟೆ ಅಂದರೂ ಅದು ಆಗಿನ್ನೂ ಹಳೆಯದಲ್ಲ. ಮೊಂಬಾಸ ಬಂದರಿನಿಂದ ಹೊರಟ ರೈಲು ಹಳಿ 1899ರಲ್ಲಿ ಒಂದು ಜೌಗು ಬಯಲಿಗೆ ಬಂತು. ಮಾಸಾಯಿ ದನಗಾಹಿಗಳು ಆ ಜಾಗವನ್ನು ತಣ್ಣೀರಿನ ತಾಣ ಎಂದು ಕರೆಯುತ್ತಿದ್ದರು. ಆ ಮಾತಿನಿಂದಲೇ ನೈರೋಬಿ ಎಂಬ ಹೆಸರು. ಹಳಿ ಹಾಕಲು ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಒಯ್ದಿದ್ದರು, ಹೆಚ್ಚಿನವರು ಪಂಜಾಬಿನವರು. ಕೆಲಸ ಮುಗಿದ ಮೇಲೆ ಬಹಳ ಮಂದಿ ವಾಪಸಾದರು. ಉಳಿದವರು ಮತ್ತು ಆಮೇಲೆ ಬಂದ ವ್ಯಾಪಾರಿಗಳು ಇಂಡಿಯನ್ ಬಜಾರ್ ಕಟ್ಟಿದರು. ಪ್ಲೇಗ್ ಬಂದಾಗ ಆ ಬಜಾರನ್ನೇ ಸುಟ್ಟುಹಾಕಿದರು.

ಆ ಪ್ಲೇಗು ಅಧಿಕಾರಿಗಳಿಗೆ ಒಂದು ನೆಪ ಕೊಟ್ಟಿತು. 1913ರಲ್ಲಿ ಡಬ್ಲ್ಯು. ಜೆ. ಸಿಂಪ್ಸನ್ ಎಂಬ ಆರೋಗ್ಯ ತಜ್ಞರನ್ನು ಕರೆಸಿದರು. ಅವರು ಹಿಂದೆ ಕಲ್ಕತ್ತಾ ನಗರದ ಆರೋಗ್ಯಾಧಿಕಾರಿ ಆಗಿದ್ದವರು. ಬಿಳಿಯರು, ಏಷ್ಯದವರು, ಆಫ್ರಿಕನ್ನರು ಬೇರೆ ಬೇರೆ ವಠಾರಗಳಲ್ಲಿರಬೇಕು, ನಡುವೆ ಖಾಲಿ ಜಾಗ ಬಿಡಬೇಕು ಎಂಬುದು ಅವರ ಸಲಹೆಯ ಸಾರ. ಪಶ್ಚಿಮದ ತಂಪು ಗುಡ್ಡಗಳು ಬಿಳಿಯರಿಗೆ ಹೋದವು. ಪಾರ್ಕ್‌ಲ್ಯಾಂಡ್ಸ್, ಎನ್‌ಗಾರಾ ಕಡೆ ಭಾರತೀಯರು ನೆಲೆಯಾದರು. ಪೂರ್ವದ ಜಿಗುಟು ಕರಿಮಣ್ಣಿನ ತಗ್ಗು ಆಫ್ರಿಕನ್ನರ ಪಾಲಾಯಿತು. ಕಾನೂನಿನ ಮಾತು ಮುಂದೆ ಬದಲಾದರೂ, ಜಾಗದ ಪತ್ರಗಳಲ್ಲಿ ಬರೆದ ಷರತ್ತುಗಳು ಅದೇ ಗೆರೆಗಳನ್ನು ಕಾಯ್ದವು. ಇವತ್ತಿಗೂ ಬಾಡಿಗೆಯ ದರ ನೋಡಿದರೆ ಆ ಹಳೇ ನಕ್ಷೆ ಗೊತ್ತಾಗುತ್ತದೆ.

ಆಫ್ರಿಕನ್ ಗಂಡಸು ಪೇಟೆಗೆ ಬರಬಹುದಿತ್ತು, ಆದರೆ ಕೂಲಿಯಾಗಿ ಮಾತ್ರ. ಮೊದಲ ಮಹಾಯುದ್ಧ ಮುಗಿದ ಮೇಲೆ 'ಕಿಪಾಂಡೆ' ಎಂಬ ಗುರುತುಪತ್ರ ಜಾರಿಗೆ ಬಂತು. ಬೆರಳಚ್ಚು, ಯಜಮಾನನ ಹೆಸರು ಎಲ್ಲ ಇರುವ ಆ ಕಾಗದವನ್ನು ಸಣ್ಣ ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳಬೇಕಿತ್ತು. ಕೆಲಸ ಹೋದರೆ ಪೇಟೆಯಲ್ಲಿರಲು ಕಾರಣವೂ ಹೋದಂತೆ. ಹೆಂಡತಿ ಮಕ್ಕಳು ಊರಿನಲ್ಲಿ, ಹೊಲದ ಹತ್ತಿರ ಇರಬೇಕು ಎಂಬುದು ಸರ್ಕಾರದ ಲೆಕ್ಕ. ಕೂಲಿಯನ್ನೂ ಒಂಟಿ ಗಂಡಸಿನ ಹೊಟ್ಟೆಗೆ ಸಾಲುವಷ್ಟೇ ಅಂತ ಗೊತ್ತು ಮಾಡಿದ್ದರು. ಸಂಸಾರಕ್ಕೆ ಸಾಲುವಷ್ಟು ಕೂಲಿ ಕೊಡಬೇಕು ಅಂತ ಸರ್ಕಾರದ ಒಂದು ಸಮಿತಿಯೇ ಹೇಳಲು 1954 ಬರಬೇಕಾಯಿತು.

ಹಾಗಾಗಿ ಕಟ್ಟಿದ್ದೂ ಒಂಟಿ ಗಂಡಸಿಗೆ ಬೇಕಾದಷ್ಟೇ. ಮನೆಗಳ ಲೆಕ್ಕವಲ್ಲ, 'ಬೆಡ್ ಸ್ಪೇಸ್' ಲೆಕ್ಕ, ಅಂದರೆ ಇಷ್ಟು ಹಾಸಿಗೆಯ ಜಾಗ. ಯುದ್ಧದಲ್ಲಿ ಹೊರೆ ಹೊರಲು ಹಿಡಿದು ತಂದ ಆಫ್ರಿಕನ್ನರ ದಳಕ್ಕೆ ಕ್ಯಾರಿಯರ್ ಕೋರ್ ಎಂಬ ಹೆಸರಿತ್ತು. ಅವರ ಶಿಬಿರವಿದ್ದ ಜಾಗದಲ್ಲಿ ನಗರಸಭೆ ಸಾಲು ಹಾಸಿಗೆಯ ವಸತಿ ಕಟ್ಟಿತು. ಜನರ ಬಾಯಲ್ಲಿ ಆ ಹೆಸರು ಕರಿಯಾಕೋರ್ ಆಯಿತು, ಇವತ್ತಿಗೂ ಹಾಗೇ ಇದೆ. ಪಕ್ಕದ ದೇಶ ತಾಂಜಾನಿಯಾದ ದಾರ್ ಎಸ್ ಸಲಾಮ್‌ನ ದೊಡ್ಡ ಮಾರುಕಟ್ಟೆ ಕರಿಯಾಕೂಗೂ ಅದೇ ಮೂಲ.

ಇದರ ನಡುವೆ ತಮ್ಮದೇ ಮನೆ ಕಟ್ಟಿದವರೂ ಇದ್ದರು. 1920ರ ದಶಕದ ಆರಂಭದಲ್ಲಿ ನಗರಸಭೆ ಪುಮ್ವಾನಿ ಎಂಬ ಕೇರಿಯನ್ನು ಗುರುತು ಮಾಡಿತು. ಸೈಟು ನಗರಸಭೆಯದ್ದು, ಅದಕ್ಕೆ ನೆಲಬಾಡಿಗೆ. ಗೋಡೆ ಮಾತ್ರ ಕಟ್ಟಿದವರದ್ದು. ಮಣ್ಣಿನ ಗೋಡೆಯ ಮನೆ, ನಡುವೆ ಉದ್ದ ಪಡಸಾಲೆ, ಎರಡೂ ಕಡೆ ಕೋಣೆಗಳು, ಕೋಣೆಗೊಂದು ಬಾಡಿಗೆ. ನಮ್ಮ ಕಡೆಯ ಹಳೇ ವಠಾರ ನೋಡಿದವರಿಗೆ ಚಿತ್ರ ಕಣ್ಣಿಗೆ ಬರುತ್ತದೆ.

ಈ ವಠಾರಗಳ ಮಾಲೀಕರಲ್ಲಿ ಬಹಳಷ್ಟು ಮಂದಿ ಹೆಂಗಸರು. ಇದನ್ನು ಸ್ವಲ್ಪ ನಿಂತು ಹೇಳಬೇಕು. ಸರ್ಕಾರದ ಲೆಕ್ಕದಲ್ಲಿ ಪೇಟೆಯಲ್ಲಿ ಹೆಂಗಸಿಗೆ ಜಾಗವೇ ಇರಲಿಲ್ಲ. ಆದರೂ ಬಂದರು. ಗಂಡ ಸತ್ತವರು, ಬಿಟ್ಟು ಬಂದವರು, ಅಪ್ಪನ ಸಾಲಕ್ಕೆ ಸಿಕ್ಕಿದ ಮನೆಯ ಹೆಣ್ಣುಮಕ್ಕಳು. ಕೆಲವರು ಸಾರಾಯಿ ಮಾಡಿ ಮಾರಿದರು, ಕೆಲವರು ಮೈ ಮಾರಿದರು. ಒಂಟಿ ಗಂಡಸರಿಗೆ ಊಟ, ಬಿಸಿನೀರು, ಎರಡು ಮಾತು ಕೊಟ್ಟು ದುಡಿದರು. ಆ ದುಡ್ಡಿನಲ್ಲಿ ಪುಮ್ವಾನಿಯಲ್ಲಿ, ಅದಕ್ಕೂ ಹಳೆಯ ಪಂಗಾನಿಯಲ್ಲಿ ಮನೆ ಮಾಡಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಇತಿಹಾಸಕಾರ್ತಿ ಲೂಯಿಸ್ ವೈಟ್ ಅಲ್ಲಿನ ಮುದುಕಿಯರ ಬಾಯಿಂದಲೇ ಇದನ್ನೆಲ್ಲ ಕೇಳಿ 1990ರಲ್ಲಿ ಪುಸ್ತಕ ಮಾಡಿದರು. ಅವರ ಬದುಕಿನ ಬಗ್ಗೆ ಮೂಗು ಮುರಿಯುವವರು ಇರಬಹುದು. ನನಗಂತೂ ಆ ಊರಿನಲ್ಲಿ ಗಂಡಸರಿಗೆ ಮನೆ ಅನ್ನುವಂಥದ್ದು ಸಿಕ್ಕಿದ್ದು ಇವರಿಂದಲೇ ಅನಿಸುತ್ತದೆ. ಪಂಗಾನಿಯನ್ನು 1930ರ ದಶಕದ ಕೊನೆಯಲ್ಲಿ ನಗರಸಭೆ ಕೆಡವಿಸಿತು.

ಇನ್ನೊಂದು ಕಡೆ ಕಿಬೇರಾ. ಬ್ರಿಟಿಷ್ ಸೈನ್ಯದಲ್ಲಿ ದುಡಿದ ಸುಡಾನಿನ ನೂಬಿ ಸಿಪಾಯಿಗಳನ್ನು ಅಲ್ಲಿನ ಕಾಡಿನಲ್ಲಿ ಇರಿಸಿದರು, ಆದರೆ ಹಕ್ಕುಪತ್ರ ಕೊಡಲಿಲ್ಲ. ಮೊಮ್ಮಕ್ಕಳ ಕಾಲ ದಾಟಿ 2017ರಲ್ಲಿ ಸಮುದಾಯದ ಹೆಸರಿಗೆ 288 ಎಕರೆಯ ಪತ್ರ ಬಂತು. ಅಷ್ಟರಲ್ಲಿ ಕಿಬೇರಾ ಇಡೀ ಆಫ್ರಿಕಾದಲ್ಲೇ ಹೆಸರಾದ ಕೊಳೆಗೇರಿಯಾಗಿತ್ತು.

1954ರ ಏಪ್ರಿಲ್ 24ರಂದು ಸೈನ್ಯ ನೈರೋಬಿಯನ್ನು ಸುತ್ತುವರಿಯಿತು. ಮೌ ಮೌ ಬಂಡಾಯ ನಡೆಯುತ್ತಿದ್ದ ಕಾಲ ಅದು. ಕಿಕುಯು, ಎಂಬು, ಮೇರು ಜನರನ್ನು ಬೀದಿ ಬೀದಿಯಲ್ಲಿ, ಕೋಣೆ ಕೋಣೆಯಲ್ಲಿ ಹುಡುಕಿ ಲಾರಿಗೆ ತುಂಬಿದರು. 20 ಸಾವಿರಕ್ಕೂ ಹೆಚ್ಚು ಮಂದಿ ಶಿಬಿರಗಳ ಪಾಲಾದರು. ವರ್ಷಗಟ್ಟಲೆ ಬಾಡಿಗೆ ಕಟ್ಟಿದ್ದ ಕೋಣೆಯನ್ನು ಒಂದು ಬೆಳಗ್ಗೆ ಬಿಟ್ಟು ಹೋಗಬೇಕಾಯಿತು.

1963ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯ ಬಂತು. ತಡೆಗಳು ಹೋದವು, ಹೆಂಡತಿ ಮಕ್ಕಳೂ ಬಂದರು. 1969ರಲ್ಲಿ ಜನಸಂಖ್ಯೆ ಐದು ಲಕ್ಷ ದಾಟಿತ್ತು. ಮಾಥಾರೆ ಕಣಿವೆಯಲ್ಲಿ ಭೂಮಿ ಕೊಂಡ ಕಂಪನಿಗಳು ಹಲಗೆಯ ಸಾಲುಮನೆ ಹೊಡೆಸಿ ಕೋಣೆಗಳನ್ನು ಬಾಡಿಗೆಗೆ ಬಿಟ್ಟವು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ದಾಂಡೋರಾದಲ್ಲಿ ಬಡವರಿಗೆ ಸುಮಾರು 6 ಸಾವಿರ ಸೈಟು ಹಂಚಿದರು. ನೀರು, ಕಕ್ಕಸು ಕಟ್ಟಿಕೊಟ್ಟು ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ ಅಂದರು. ಸೈಟು ಪಡೆದವರು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು. ಕಟ್ಟುವ ಖರ್ಚು ಹುಟ್ಟಬೇಕಲ್ಲ! ಕಾಲಕ್ರಮೇಣ ದಾಂಡೋರಾವೂ ಬಾಡಿಗೆದಾರರ ಊರಾಯಿತು. ಕಿಬೇರಾದಲ್ಲಿ ಸ್ಥಳೀಯ ಅಧಿಕಾರಿಗಳ ಬಾಯಿಮಾತಿನ ಅನುಮತಿ ಹಿಡಿದು ಬೇರೆ ಕಡೆ ವಾಸವಿದ್ದವರು, ಅವರಲ್ಲಿ ಅಧಿಕಾರಸ್ಥರೂ, ತಗಡಿನ ಸಾಲುಕೋಣೆ ಹಾಕಿಸಿದರು. ಕೊಳೆಗೇರಿ ಅಂದರೆ ಬಡವರು ಬಿಟ್ಟಿ ಜಾಗ ಹಿಡಿದು ಕೂತಿದ್ದಾರೆ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಅವರು ಪ್ರತಿ ತಿಂಗಳು ಬಾಡಿಗೆ ಕಟ್ಟುವವರು.

ಬಾಡಿಗೆದಾರರನ್ನು ಕಾಯುವ ಕಾನೂನೂ ಇತ್ತು. ಬಾಡಿಗೆ ಏರಿಸಬೇಕಾದರೆ, ಹೊರಹಾಕಬೇಕಾದರೆ ನ್ಯಾಯಮಂಡಳಿಯ ಒಪ್ಪಿಗೆ ಬೇಕು ಎನ್ನುವಂಥದ್ದು. ಆದರೆ ತಿಂಗಳಿಗೆ 2,500 ಶಿಲ್ಲಿಂಗ್ ಒಳಗಿನ ಬಾಡಿಗೆಗೆ ಮಾತ್ರ. ಬೆಲೆಗಳು ಎಲ್ಲಿಂದೆಲ್ಲಿಗೋ ಹೋದರೂ ಆ ಮಿತಿ ದಶಕಗಟ್ಟಲೆ ಅಲ್ಲೇ ನಿಂತಿತು. ಆ ಮಿತಿಯೊಳಗೆ ಬರುವ ತಗಡಿನ ಕೋಣೆಗೆ ಚೀಟಿಯೂ ಇರುವುದಿಲ್ಲ, ಕರಾರೂ ಇರುವುದಿಲ್ಲ.

ಹಳೇ ಬಿಳಿಯರ ಬಂಗಲೆಗಳ ಹಿತ್ತಲಲ್ಲಿ ಆಳುಗಳಿಗೆಂದು ಕಟ್ಟಿದ ಕೋಣೆಗಳೂ ಈಗ ಬಾಡಿಗೆಗೆ ಸಿಗುತ್ತವೆ. ಹೆಸರು ಮಾತ್ರ ಬದಲಾಗಿಲ್ಲ, 'ಎಸ್‌ಕ್ಯು', ಅಂದರೆ ಸರ್ವೆಂಟ್ಸ್ ಕ್ವಾರ್ಟರ್. ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಒಳ್ಳೆಯ ಬಡಾವಣೆಯಲ್ಲಿ ಕೈಗೆಟುಕುವುದು ಎಷ್ಟೋ ಸಲ ಅದೇ.

ಇಷ್ಟು ತಲೆಮಾರು ಕಳೆದರೂ ನೈರೋಬಿಯವರು ಇಂಗ್ಲಿಷಿನಲ್ಲಿ 'ಹೌಸ್' ಬೇರೆ, 'ಹೋಮ್' ಬೇರೆ ಅನ್ನುತ್ತಾರೆ. ನೈರೋಬಿಯಲ್ಲಿರುವುದು ಹೌಸ್. ಹೋಮ್ ಅಂದರೆ ಹಳ್ಳಿಯ ಮನೆ, ಹಿರಿಯರನ್ನು ಮಣ್ಣು ಮಾಡಿದ ಜಾಗ. 1986ರ ಡಿಸೆಂಬರ್‌ನಲ್ಲಿ ಎಸ್. ಎಂ. ಒಟಿಯೆನೊ ಎಂಬ ಹೆಸರಾಂತ ವಕೀಲರು ತೀರಿಕೊಂಡಾಗ ಈ ಮಾತು ಕೋರ್ಟಿಗೇ ಹೋಯಿತು. ನೈರೋಬಿಯಲ್ಲಿ ಅವರದ್ದು ಸ್ವಂತ ಮನೆಯೇ. ಪತ್ನಿ ವಾಂಬುಯಿ ಊರ ಹತ್ತಿರದ ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತೇನೆ ಅಂದರು. ಒಟಿಯೆನೊ ಅವರ ಲುವೊ ಕುಲದವರು ಒಪ್ಪಲಿಲ್ಲ. ನೈರೋಬಿಯದ್ದು ಬರೀ ಹೌಸು, ಅವನ ಹೋಮ್ ಇಲ್ಲಿದೆ ಅಂದರು. ಐದು ತಿಂಗಳು ಶವ ಶವಾಗಾರದಲ್ಲೇ ಇತ್ತು. ಕೊನೆಗೆ ಕುಲದವರೇ ಗೆದ್ದರು. 1987ರ ಮೇ 23ರಂದು ಒಟಿಯೆನೊ ಅವರನ್ನು ನೈರೋಬಿಯಿಂದ ನೂರಾರು ಕಿಲೋಮೀಟರ್ ದೂರದ ನ್ಯಾಲ್‌ಗುಂಗಾ ಎಂಬ ಹಳ್ಳಿಯಲ್ಲಿ ಮಣ್ಣು ಮಾಡಿದರು.