ಸರ್ಪಸುತ್ತು: ಕೆಮ್ಮಣ್ಣಿನಿಂದ ಲಸಿಕೆವರೆಗೆ

ಬೆಂಗಳೂರಿನ ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಸರ್ಪಸುತ್ತಿಗೆ ಯಾರೂ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ನಮ್ಮಜ್ಜಿ ಕೆಮ್ಮಣ್ಣು ಕಲಸಿ ಗುಳ್ಳೆಗಳ ಮೇಲೆ ದಪ್ಪಗೆ ಬಳಿಯುತ್ತಿದ್ದಳು, ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆದು ಬರುತ್ತಿದ್ದಳು. ಗುಳ್ಳೆಸಾಲು ಹಾವಿನಂತೆ ಸುತ್ತು ಬಂದು ತಲೆ-ಬಾಲ ಕೂಡಿದರೆ ಜೀವ ಉಳಿಯದೆಂಬ ಭಯ ಬೇರೆ. ಎರಡು-ಮೂರು ವಾರಕ್ಕೆ ಗುಳ್ಳೆ ತಾನಾಗಿಯೇ ಒಣಗುತ್ತಿತ್ತು. ಹೆಸರು ಕೆಮ್ಮಣ್ಣಿಗೆ ಬರುತ್ತಿತ್ತು.

ಹಣೆಗೆ ಬಂದರೆ ಮಾತ್ರ ಈ ಮದ್ದು ನಡೆಯುತ್ತಿರಲಿಲ್ಲ. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಹಣೆಯಿಂದ ಮೂಗಿನ ತುದಿವರೆಗೆ ಗುಳ್ಳೆಯೆದ್ದಿತು. ಮಿಂಟೋ ಕಣ್ಣಾಸ್ಪತ್ರೆ ತಲುಪುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಕಲೆ ಬಿದ್ದಿತ್ತು. ಮೂಗಿನ ತುದಿಯ ಗುಳ್ಳೆ ಕಣ್ಣಿಗೆ ಕುತ್ತೆಂದು ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 1860ರ ದಶಕದಲ್ಲೇ ಗುರುತಿಸಿದ್ದರು. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಹೀಗೆ ಮೇಲೇಳುತ್ತದೆ.

1980ರ ದಶಕದಲ್ಲಿ ಈ ವೈರಸ್ಸಿಗೆ ಅಸೈಕ್ಲೋವಿರ್ ಎಂಬ ಔಷಧಿ ಬಂತು; ಗುಳ್ಳೆಯೆದ್ದ ಮೂರು ದಿನದೊಳಗೆ ಶುರುಮಾಡಿದರೆ ಗುಣ ಹೆಚ್ಚು. ಸರ್ಪಸುತ್ತು ತಡೆಯುವ ಮೊದಲ ಲಸಿಕೆಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕಿಂತ ಬಲವಾದ ಶಿಂಗ್ರಿಕ್ಸ್ 2023ರಲ್ಲಿ ಭಾರತಕ್ಕೆ ಬಂತು: ಐವತ್ತು ದಾಟಿದವರಿಗೆ ಎರಡು ಚುಚ್ಚುಮದ್ದು, ನಡುವೆ ಎರಡರಿಂದ ಆರು ತಿಂಗಳು. ಬೆಲೆ ಮಾತ್ರ ದುಬಾರಿ.

ಐವತ್ತು ದಾಟಿದವರು ಕನ್ನಡಕಕ್ಕೋ ಪೊರೆಗೋ ಕಣ್ಣಿನ ಡಾಕ್ಟರ ಬಳಿ ಹೋಗಿಯೇ ಹೋಗುತ್ತಾರೆ. ಲಸಿಕೆಯ ಮಾತು ಎತ್ತಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅವರು ಹೇಳದಿದ್ದರೆ ನೀವೇ ಕೇಳಿ.